ಕಾಗುಣಿತದ ತಪ್ಪುಗಳು ಡಿಸ್ಲೆಕ್ಸಿಯಾದ ಸುಳಿವೇ? ಮನೆಯಿಂದ ತಪಾಸಣೆಯವರೆಗೆ ಎಂಟು ಹಂತಗಳು

"ಮಗ ಮೂರನೇ ತರಗತಿ. ಮಾತಿಗೆ ಕೂತರೆ ದೊಡ್ಡವರನ್ನೂ ಸೋಲಿಸುತ್ತಾನೆ. ಉಕ್ತಲೇಖನದಲ್ಲಿ ಮಾತ್ರ ಹತ್ತಕ್ಕೆ ಎರಡು. ಇದು ಡಿಸ್ಲೆಕ್ಸಿಯಾ ಇರಬಹುದೇ?" ಊರು, ತರಗತಿ, ಮಾಧ್ಯಮ ಬದಲಾಗುತ್ತವೆ, ಪ್ರಶ್ನೆ ಬದಲಾಗುವುದಿಲ್ಲ. ಮೊದಲ ಕಿರುಪರೀಕ್ಷೆಯ ಉತ್ತರಪತ್ರಿಕೆ ಮನೆಗೆ ಬಂದ ವಾರ ಕೇಳುವವರು ಇನ್ನೂ ಹೆಚ್ಚು. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳುತ್ತಾ ಬಂದದ್ದನ್ನು ಇಲ್ಲಿ ಒಂದೆಡೆ ಬರೆದಿದ್ದೇನೆ.

ಕೆಂಪು ಗುರುತುಗಳನ್ನು ಎಣಿಸಿ ಡಿಸ್ಲೆಕ್ಸಿಯಾ ಕಂಡುಹಿಡಿಯಲು ಆಗುವುದಿಲ್ಲ. ಎಷ್ಟು ತಪ್ಪು ಎನ್ನುವುದಕ್ಕಿಂತ ಎಂಥ ತಪ್ಪು, ಕಲಿಸಿದ ಮೇಲೂ ಎಷ್ಟು ಕಾಲ ಉಳಿಯಿತು, ಓದು ಹೇಗಿದೆ ಎಂಬುದನ್ನು ನೋಡಬೇಕು. ಕೊನೆಯ ಮಾತು ಹೇಳುವುದು ತಜ್ಞರ ಕೆಲಸ. ಆದರೆ ಆ ತಜ್ಞರು ಮಗುವನ್ನು ನೋಡುವುದು ಕೆಲವೇ ಗಂಟೆ; ವರ್ಷಗಟ್ಟಲೆ ನೋಡಿದವರು ನೀವು. ನೀವು ಒಯ್ಯುವ ವಿವರ ಗಟ್ಟಿಯಾಗಿದ್ದರೆ ಅವರ ತಪಾಸಣೆಯೂ ಗಟ್ಟಿಯಾಗುತ್ತದೆ.

ಕೆಲವು ಪದಗಳನ್ನು ಮೊದಲು ಬಿಡಿಸಿಕೊಳ್ಳೋಣ. ಡಿಸ್ಲೆಕ್ಸಿಯಾ ಎಂದರೆ ಬುದ್ಧಿ ಚೆನ್ನಾಗಿದ್ದು, ಕಣ್ಣು ಕಿವಿ ಸರಿಯಿದ್ದು, ಪಾಠವೂ ಸಿಕ್ಕಿದ್ದು, ಆದರೂ ಪದಗಳನ್ನು ಸರಾಗವಾಗಿ ಓದುವುದಕ್ಕೆ ಮತ್ತು ತಪ್ಪಿಲ್ಲದೆ ಬರೆಯುವುದಕ್ಕೆ ಬೆಳೆಯುವ ಮೆದುಳಿನಲ್ಲೇ ಇರುವ ತೊಡಕು. ಬಹುತೇಕ ಮಕ್ಕಳಲ್ಲಿ ಅದರ ಬೇರು ಕಣ್ಣಿನಲ್ಲಿಲ್ಲ. ಮಾತಿನ ಸದ್ದುಗಳನ್ನು ಒಡೆದು, ಕೂಡಿಸಿ, ಅದಲುಬದಲು ಮಾಡಿ ನೋಡುವ ಶಕ್ತಿಯಲ್ಲಿದೆ. ಆ ಶಕ್ತಿಗೆ ಧ್ವನಿಪ್ರಜ್ಞೆ ಎನ್ನುತ್ತಾರೆ. ಸರ್ಕಾರಿ ಕಾಗದಗಳಲ್ಲಿ ನಿಮಗೆ ಸಿಗುವ ಪದ 'ನಿರ್ದಿಷ್ಟ ಕಲಿಕಾ ನ್ಯೂನತೆ'. ಅದೊಂದು ಕೊಡೆ, ಅದರಡಿ ಡಿಸ್ಲೆಕ್ಸಿಯಾ, ಬರವಣಿಗೆಯ ತೊಡಕಾದ ಡಿಸ್ಗ್ರಾಫಿಯಾ, ಲೆಕ್ಕದ ತೊಡಕಾದ ಡಿಸ್ಕಾಲ್ಕುಲಿಯಾ ಎಲ್ಲವೂ ಬರುತ್ತವೆ.

ಇದು ಈಗಿನ ಕಾಲದ ಹೊಸ ಕಾಯಿಲೆ ಎನ್ನುವ ಅಜ್ಜ ಅಜ್ಜಿಯರಿಗೆ ಒಂದು ಮಾತು. 1896ರಲ್ಲೇ ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್ ಹದಿನಾಲ್ಕು ವರ್ಷದ ಪರ್ಸಿ ಎಂಬ ಹುಡುಗನ ಬಗ್ಗೆ ವೈದ್ಯಕೀಯ ಪತ್ರಿಕೆಯಲ್ಲಿ ಬರೆದಿದ್ದರು. ಆ ಹುಡುಗ ತನ್ನ ಹೆಸರಿನ ಅಕ್ಷರಗಳನ್ನೇ ಹಿಂದುಮುಂದು ಮಾಡಿ 'ಪ್ರೆಸಿ' ಎಂದು ಬರೆದಿದ್ದ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆಯುವಂತಿದ್ದರೆ ಶಾಲೆಗೆಲ್ಲ ಇವನೇ ಜಾಣ ಎಂದು ಅವನ ಮೇಷ್ಟ್ರು ಹೇಳಿದ್ದರು. ನಿಮ್ಮ ಮಗುವಿನ ಬಗ್ಗೆಯೂ ಇಂಥದೇ ಮಾತು ಕೇಳಿದ್ದರೆ ಮುಂದೆ ಓದಿ.

ಬೇಕಾದ ಸಾಮಾನು ಹೆಚ್ಚೇನಿಲ್ಲ: ಕಳೆದ ಆರು ತಿಂಗಳ ನೋಟ್‌ಪುಸ್ತಕಗಳು (ರದ್ದಿಗೆ ಹಾಕಬೇಡಿ), ಒಂದು ಖಾಲಿ ಪುಸ್ತಕ, ಧ್ವನಿ ಮುದ್ರಿಸುವ ಮೊಬೈಲ್, ಒಂದು ಹಿಡಿ ಹುಣಸೆ ಬೀಜ, ಮೂರು ತಿಂಗಳ ತಾಳ್ಮೆ.

1. ಮಗುವಿಗೆ ನಿಜವಾಗಿ ಎಷ್ಟು ಕಲಿಸಲಾಗಿದೆ ಎಂದು ಲೆಕ್ಕ ಹಾಕಿ

ವಯಸ್ಸನ್ನಲ್ಲ, ಕಲಿಕೆಯ ವರ್ಷಗಳನ್ನು ಬರೆದುಕೊಳ್ಳಿ. ಯಾವ ಭಾಷೆಯನ್ನು ಯಾವ ತರಗತಿಯಿಂದ ಕಲಿಸಿದರು? ನಡುವೆ ಶಾಲೆ ಬದಲಾಯಿತೇ? ದೀರ್ಘ ಕಾಯಿಲೆ, ವರ್ಗಾವಣೆ, ಕೊರೊನಾ ಕಾಲದ ಮೊಬೈಲ್ ಪಾಠ ಇವೆಲ್ಲ ಲೆಕ್ಕಕ್ಕೆ ಬರಬೇಕು. ಮನೆಯಲ್ಲಿ ತುಳು, ಉರ್ದು, ಕೊಂಕಣಿ, ತೆಲುಗು ಆಡುವ ಮಗು ಶಾಲೆಯಲ್ಲಿ ಕನ್ನಡವನ್ನೂ ಇಂಗ್ಲಿಷನ್ನೂ ಒಟ್ಟಿಗೇ ಹೊಸದಾಗಿ ಕಲಿಯುತ್ತಿದ್ದರೆ ಅದಕ್ಕೆ ಇನ್ನಷ್ಟು ಕಾಲ ಬೇಕು.

ಕನ್ನಡ ಲಿಪಿಯ ವಿಚಾರದಲ್ಲಿ ನಮಗೆ ಸ್ವಲ್ಪ ಅವಸರ ಜಾಸ್ತಿ. ಮೂವತ್ತನಾಲ್ಕು ವ್ಯಂಜನ, ಒಂದೊಂದಕ್ಕೂ ಹದಿನೈದು ಕಾಗುಣಿತ. ಒತ್ತಕ್ಷರ ಸೇರಿಸುವ ಮೊದಲೇ ಐನೂರು ದಾಟಿತು. ಕನ್ನಡ ಮಕ್ಕಳ ಓದಿನ ಬಗ್ಗೆ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅಕ್ಷರಗಳ ಮೇಲಿನ ಹಿಡಿತ ಒಂದೆರಡು ವರ್ಷಗಳಲ್ಲಿ ಮುಗಿಯುವುದಿಲ್ಲ, ನಾಲ್ಕೈದನೇ ತರಗತಿಯವರೆಗೂ ಬೆಳೆಯುತ್ತಲೇ ಇರುತ್ತದೆ. ಹಾಗಾಗಿ ಎರಡನೇ ತರಗತಿಯ ಮಗು ಒತ್ತಕ್ಷರದಲ್ಲಿ ಎಡವಿದರೆ ಅದು ರೋಗಲಕ್ಷಣವಲ್ಲ. ನಾಲ್ಕನೇ ತರಗತಿಯ ಮಗು ಸರಳ ಕಾಗುಣಿತದಲ್ಲೇ ಎಡವುತ್ತಿದ್ದರೆ ಗಮನ ಕೊಡಬೇಕು.

ಎಚ್ಚರಿಕೆ: "ಗಂಡು ಮಕ್ಕಳು ನಿಧಾನ, ತಾನಾಗಿ ಸರಿಹೋಗುತ್ತದೆ" ಎಂಬ ಸಮಾಧಾನ ಕೇಳಿ ಎರಡು ವರ್ಷ ಕಳೆಯಬೇಡಿ. ಹೆಣ್ಣು ಮಕ್ಕಳ ವಿಚಾರದಲ್ಲಿ ಇನ್ನೊಂದು ಬಗೆಯ ಮೋಸವಿದೆ: ಗಲಾಟೆ ಮಾಡದೆ ಚಂದದ ಅಕ್ಷರದಲ್ಲಿ ಬೋರ್ಡು ನೋಡಿ ಬರೆದುಕೊಳ್ಳುವ ಹುಡುಗಿಯ ತೊಡಕು ಯಾರ ಕಣ್ಣಿಗೂ ಬೀಳುವುದಿಲ್ಲ.

2. ಕಣ್ಣು, ಕಿವಿ ಪರೀಕ್ಷೆ ಮಾಡಿಸಿ

ಇದನ್ನು ಬಿಟ್ಟು ಮುಂದೆ ಹೋಗಬೇಡಿ; ತಪಾಸಣೆಗೆ ಹೋದಾಗಲೂ ಮೊದಲು ಕೇಳುವುದು ಇದನ್ನೇ. ಕಣ್ಣಿಗೆ ನೇತ್ರತಜ್ಞರ ಪರೀಕ್ಷೆ, ಕಿವಿಗೆ ಆಡಿಯೋಮೆಟ್ರಿ, ಅಂದರೆ ಬೇರೆ ಬೇರೆ ಸ್ವರಮಟ್ಟದ ಸದ್ದುಗಳನ್ನು ಕೇಳಿಸಿ ಅಳೆಯುವ ಪರೀಕ್ಷೆ. ಪದೇಪದೇ ಶೀತವಾಗಿ ಕಿವಿ ಸೋರುವ ಮಕ್ಕಳಿಗೆ ಇದು ಕಡ್ಡಾಯ ಎಂದೇ ತಿಳಿಯಿರಿ. 'ಕರೆದರೆ ಓಗೊಡುತ್ತದೆ' ಎಂಬುದು ಕಿವಿ ಸರಿಯಿದೆ ಎನ್ನುವುದಕ್ಕೆ ಸಾಕ್ಷಿಯಲ್ಲ. 'ತ' ಮತ್ತು 'ಪ' ನಡುವಿನ ವ್ಯತ್ಯಾಸ ಕೇಳಿಸಿಕೊಳ್ಳಲು ಇನ್ನೂ ಸೂಕ್ಷ್ಮ ಶ್ರವಣ ಬೇಕು. ವರದಿಗಳನ್ನು ಕಡತದಲ್ಲಿಡಿ.

3. ತಪ್ಪುಗಳನ್ನು ರಾಶಿ ಹಾಕಿ

ಇಡೀ ಕೆಲಸದಲ್ಲಿ ನೀವು ಹೆಚ್ಚು ಹೊತ್ತು ಕೂರಬೇಕಾದದ್ದು ಇಲ್ಲಿ. ಒಂದು ಭಾನುವಾರ ಹಳೆಯ ನೋಟ್‌ಪುಸ್ತಕಗಳನ್ನು ಹರಡಿಕೊಳ್ಳಿ. ಬೋರ್ಡು ನೋಡಿ ನಕಲು ಮಾಡಿದ ಪುಟಗಳನ್ನು ಬಿಟ್ಟುಬಿಡಿ. ಉಕ್ತಲೇಖನ, ಸ್ವಂತ ವಾಕ್ಯ, ಪರೀಕ್ಷೆಯ ಉತ್ತರ ಇವುಗಳಿಂದ ಐವತ್ತು ಅರವತ್ತು ತಪ್ಪುಗಳನ್ನು ಖಾಲಿ ಪುಸ್ತಕಕ್ಕೆ ಇಳಿಸಿ. ಎಡಕ್ಕೆ ಬರೆಯಬೇಕಾಗಿದ್ದ ಪದ, ಬಲಕ್ಕೆ ಮಗು ಬರೆದದ್ದು. ಆಮೇಲೆ ವಿಂಗಡಿಸಿ.

ಮೊದಲ ರಾಶಿ ಆಡುನುಡಿಯದು. 'ಹಾಲು' ಬದಲು 'ಆಲು', 'ಭಾರತ' ಬದಲು 'ಬಾರತ', 'ಶಾಲೆ' ಬದಲು 'ಸಾಲೆ', 'ಬಾಣ' ಬದಲು 'ಬಾನ'. ಮನೆಯವರು ಹೇಗೆ ಆಡುತ್ತಾರೋ ಮಗು ಹಾಗೆ ಬರೆದಿದೆ. ಇದು ಡಿಸ್ಲೆಕ್ಸಿಯಾ ಅಲ್ಲವೇ ಅಲ್ಲ. ನಿಜ ಹೇಳಬೇಕೆಂದರೆ ಕೇಳಿದ ಸದ್ದನ್ನು ಅಕ್ಷರಕ್ಕೆ ಸರಿಯಾಗಿ ಇಳಿಸಿದ ಮಗುವದು. ಮಹಾಪ್ರಾಣವನ್ನು ಉಚ್ಚಾರದಲ್ಲೇ ಬಿಟ್ಟಿರುವ ನಾವು ಮಕ್ಕಳ ಬರಹದಲ್ಲಿ ಅದನ್ನು ಹುಡುಕಿ ಬೆತ್ತ ಹಿಡಿಯುವುದು ವಿಚಿತ್ರವೇ.

ಎರಡನೆಯದು ಲಿಪಿಯ ತೊಂದರೆ. ನ–ಸ, ಘ–ಫ, ರ–ಠ, ದ–ಧ, 'ಮ' ಮತ್ತು 'ವು' ಇವು ನೋಡಲು ಹತ್ತಿರ. ಅರ್ಕಾವತ್ತಂತೂ ಮಕ್ಕಳ ಶತ್ರು: 'ಅರ್ಜುನ' ಎನ್ನುವಾಗ ರಕಾರ ಮೊದಲು ಕೇಳಿಸುತ್ತದೆ, ಬರೆಯುವಾಗ ಜಕಾರದ ಆಚೆ ಹೋಗಿ ಕೂರುತ್ತದೆ. ವಟ್ರಸುಳಿಯೂ ಹಾಗೆಯೇ, 'ಕೃಷಿ'ಯನ್ನು 'ಕ್ರುಷಿ' ಎಂದು ಬರೆದ ಮಗುವಿನ ಕಿವಿ ಸರಿಯಾಗಿದೆ. ಇಂಥ ತಪ್ಪುಗಳು ತರಗತಿಯ ಮುಕ್ಕಾಲು ಪಾಲು ಮಕ್ಕಳಲ್ಲಿ ಇದ್ದರೆ ಚಿಂತೆ ಬೇಡ. ಜೊತೆಯವರೆಲ್ಲ ದಾಟಿ ಹೋಗಿ ನಿಮ್ಮ ಮಗು ಒಂದೇ ಉಳಿದಿದ್ದರೆ ಬರೆದಿಟ್ಟುಕೊಳ್ಳಿ.

ಮೂರನೆಯ ರಾಶಿ ಮುಖ್ಯವಾದದ್ದು: ಸದ್ದೇ ಕಳೆದುಹೋದ ತಪ್ಪುಗಳು. 'ತರಕಾರಿ' 'ತಕಾರಿ' ಆಗುತ್ತದೆ. ನಡುವಿನ ಅಕ್ಷರ ಮಾಯ. 'ಬಸವ' 'ಸಬವ' ಆಗುತ್ತದೆ. ಅಕ್ಷರಗಳ ಸರದಿ ತಪ್ಪಿತು. 'ಹಣ್ಣು' 'ಹಣು', 'ಪುಸ್ತಕ' 'ಪುತಕ', ಒತ್ತು ಹೋಯಿತು. 'ಕೋಳಿ' 'ಕೀಳಿ', ಸ್ವರವೇ ಬದಲಾಯಿತು. ಮಗು ಬರೆದದ್ದನ್ನು ಗಟ್ಟಿಯಾಗಿ ಓದಿ ನೋಡಿ. ಉದ್ದೇಶಿಸಿದ ಪದದ ಹತ್ತಿರಕ್ಕೂ ಬರದಿದ್ದರೆ ಅದು ಈ ರಾಶಿಗೆ ಸೇರಿದ್ದು.

ನಾಲ್ಕನೆಯದು, ಒಂದೇ ಪುಟದಲ್ಲಿ ಒಂದೇ ಪದಕ್ಕೆ ಮೂರು ರೂಪ. ನಿನ್ನೆ ಸರಿ, ಇಂದು ತಪ್ಪು, ನಾಳೆ ಬೇರೆ ತಪ್ಪು. ಆ ಪದದ ಅಚ್ಚು ಮನಸ್ಸಿನಲ್ಲಿ ಕೂತಿಲ್ಲ ಎಂದರ್ಥ. 'ಬೇಕೆಂದೇ ತಪ್ಪು ಮಾಡುತ್ತಾನೆ' ಎಂಬ ಬೈಗುಳ ಹೆಚ್ಚಾಗಿ ಹುಟ್ಟುವುದು ಇಂಥ ಪುಟ ನೋಡಿಯೇ. ಆ ಬೈಗುಳ ತಪ್ಪು.

ಮೂರು ಮತ್ತು ನಾಲ್ಕನೆಯ ರಾಶಿಗಳು ದೊಡ್ಡದಾಗಿದ್ದು, ಮಗು ಮೂರನೇ ತರಗತಿ ದಾಟಿದ್ದರೆ ಅನುಮಾನಕ್ಕೆ ಆಧಾರವಿದೆ.

ಇಂಗ್ಲಿಷಿಗೂ ಇದೇ ವಿಂಗಡಣೆ ಮಾಡಿ. ಸ್ಕೂಲ್ ಪದಕ್ಕೆ ಎಸ್, ಕೆ, ಯು, ಎಲ್ ಎಂದು ಬರೆದ ಮಗು ಎಲ್ಲ ಸದ್ದನ್ನೂ ಹಿಡಿದಿದೆ. ತಪ್ಪು ಇಂಗ್ಲಿಷ್ ಸ್ಪೆಲ್ಲಿಂಗ್‌ನ ವಕ್ರತೆಯದು. ಅದೇ ಪದಕ್ಕೆ ಎಸ್, ಎಲ್, ಒ ಎಂದು ಬರೆದರೆ ಸದ್ದುಗಳು ಬಿಟ್ಟುಹೋಗಿವೆ.

ಎರಡು ಭಾಷೆಗಳನ್ನು ಅಕ್ಕಪಕ್ಕ ಇಟ್ಟು ನೋಡುವ ಅವಕಾಶ ನಮ್ಮ ಮಕ್ಕಳಲ್ಲಿದೆ, ಬಳಸಿಕೊಳ್ಳಿ. ಕನ್ನಡ ಸರಾಗ, ಇಂಗ್ಲಿಷ್ ಮಾತ್ರ ಕಷ್ಟ ಎಂದರೆ ಸಾಮಾನ್ಯವಾಗಿ ಕಲಿಸುವಿಕೆ, ಬಳಕೆಗಳ ಕೊರತೆ. ಆದರೆ ಒಂದು ಮೋಸವಿದೆ. ಕನ್ನಡದಲ್ಲಿ ಬರೆದದ್ದಕ್ಕೂ ಉಚ್ಚರಿಸಿದ್ದಕ್ಕೂ ಹೊಂದಾಣಿಕೆ ಹೆಚ್ಚಿರುವುದರಿಂದ ಸೌಮ್ಯ ಡಿಸ್ಲೆಕ್ಸಿಯಾ ಇರುವ ಮಗು ಕೂಡ ನಿಧಾನವಾಗಿ ಸರಿಯಾಗಿಯೇ ಓದಿಬಿಡಬಹುದು. ಅಲ್ಲಿ ಕಾಣುವುದು ತಪ್ಪಲ್ಲ, ಆಮೆಯ ವೇಗ. ಆದ್ದರಿಂದ ಕನ್ನಡದಲ್ಲಿ ವೇಗವನ್ನೂ ನೋಡಿ.

ಎಚ್ಚರಿಕೆ: ಇಂಗ್ಲಿಷಿನ ಸಣ್ಣ ಬಿ ಮತ್ತು ಡಿ ಕನ್ನಡಿಯಂತೆ ತಿರುಗಿದರೆ ಡಿಸ್ಲೆಕ್ಸಿಯಾ ಎಂದು ಹಲವರು ನಂಬಿದ್ದಾರೆ. ಆರು ಏಳು ವರ್ಷದವರೆಗೆ ಬಹಳ ಮಕ್ಕಳು ಹೀಗೆ ತಿರುಗಿಸುತ್ತಾರೆ. ಡಿಸ್ಲೆಕ್ಸಿಯಾ ಇರುವ ಎಷ್ಟೋ ಮಕ್ಕಳು ತಿರುಗಿಸುವುದೇ ಇಲ್ಲ.

4. ಓದನ್ನು ಕಿವಿಗೊಟ್ಟು ಕೇಳಿ

ಡಿಸ್ಲೆಕ್ಸಿಯಾ ಮೂಲತಃ ಓದಿನ ತೊಡಕು. ಬರಹ ಕೆಟ್ಟಿದ್ದು ಓದು ಚುರುಕಾಗಿದ್ದರೆ ದಾರಿ ಬೇರೆ. ಆಗ ಮಗುವಿಗೆ ಪದವನ್ನು ಬಾಯಲ್ಲಿ ಬಿಡಿಸಿ ಹೇಳಲು ಕೇಳಿ. ಬಾಯಲ್ಲಿ ಸರಿ, ಕಾಗದದ ಮೇಲೆ ತಪ್ಪು, ಬರೆಯುವಾಗ ಕೈ ನೋವು, ಸಾಲು ಏರಿಳಿತ ಎಂದರೆ ತೊಂದರೆ ಕೈಬರಹದ ಕಡೆಗಿದೆ. ಬರೆದದ್ದನ್ನು ಮತ್ತೆ ಓದು ಎಂದಾಗ ತಾನೇ ಮುಕ್ಕಾಲು ತಪ್ಪು ತಿದ್ದಿಕೊಂಡರೆ ಗಮನದ ಸಮಸ್ಯೆ ಇರಬಹುದು.

ಓದಿಸುವುದು ಹೀಗೆ. ಶಾಲೆಯ ಪಾಠಪುಸ್ತಕ ಬೇಡ, ಅದು ಬಾಯಿಪಾಠವಾಗಿರುತ್ತದೆ. ಪುಟ ಮುಚ್ಚಿದರೂ ಓದು ಮುಂದುವರಿಯುವುದನ್ನು ನಾನು ಕಂಡಿದ್ದೇನೆ! ಮಗು ನೋಡಿರದ ಕಥೆ ಪುಸ್ತಕ, ಅದರ ತರಗತಿಗಿಂತ ಒಂದು ಮೆಟ್ಟಿಲು ಸುಲಭವಾದದ್ದು, ತನ್ನಿ. ಮೂರು ನಿಮಿಷ ಓದಿಸಿ, ಮೊಬೈಲ್‌ನಲ್ಲಿ ಧ್ವನಿ ಮುದ್ರಿಸಿ. ನಡುವೆ ತಿದ್ದಬೇಡಿ. ಆಮೇಲೆ ಕೇಳಿಸಿಕೊಳ್ಳುತ್ತಾ ಗುರುತು ಹಾಕಿ: ಮೊದಲ ಅಕ್ಷರ ನೋಡಿ ಉಳಿದದ್ದನ್ನು ಊಹಿಸುತ್ತದೆಯೇ? ಹಿಂದಿನ ಸಾಲಿನಲ್ಲಿ ಓದಿದ ಪದವನ್ನೇ ಮುಂದಿನ ಸಾಲಿನಲ್ಲಿ ಮತ್ತೆ ಕೂಡಿಸಿ ಓದುತ್ತದೆಯೇ? ವಿಭಕ್ತಿ ಪ್ರತ್ಯಯಗಳನ್ನು ನುಂಗುತ್ತದೆಯೇ? 'ಮರದಿಂದ' 'ಮರದ' ಆಗುವುದು, 'ಹೋಗುತ್ತಿದ್ದಳು' 'ಹೋದಳು' ಆಗುವುದು ಕನ್ನಡದಲ್ಲಿ ತುಂಬ ಸಾಮಾನ್ಯ.

ಮರುದಿನ ಅದೇ ಮಟ್ಟದ ಇನ್ನೊಂದು ಕಥೆಯನ್ನು ನೀವೇ ಓದಿ ಹೇಳಿ, ಪ್ರಶ್ನೆ ಕೇಳಿ. ತಾನು ಓದಿದಾಗ ಅರ್ಥವಾಗದ ಮಗುವಿಗೆ ನೀವು ಓದಿದಾಗ ಪೂರ್ತಿ ಅರ್ಥವಾದರೆ ಆ ಅಂತರವನ್ನು ದಪ್ಪ ಅಕ್ಷರದಲ್ಲಿ ಬರೆದಿಡಿ. ಎರಡರಲ್ಲೂ ಅರ್ಥವಾಗದಿದ್ದರೆ ಭಾಷೆಯ ಬೆಳವಣಿಗೆಯ ಬಗ್ಗೆಯೇ ಯೋಚಿಸಬೇಕು. ವಾಕ್ ತಜ್ಞರನ್ನು ಕಾಣಿ.

ಕೊನೆಗೆ ಅರ್ಥವಿಲ್ಲದ ಪದಗಳನ್ನು ಬರೆದುಕೊಡಿ: ಟುಮಲೆ, ಗಿಬಾಕ, ಕೊಟ್ನಿ, ಬೇರುಪ್ಪಿ. ಇವನ್ನು ನೆನಪಿನಿಂದ ಓದಲು ಬರುವುದಿಲ್ಲ, ಬಿಡಿಸಿಯೇ ಓದಬೇಕು. ಗೊತ್ತಿರುವ ಪದಗಳನ್ನು ಪಟಪಟ ಓದಿದ ಮಗು ಇಲ್ಲಿ ತಡವರಿಸಿದರೆ ಅದು ಇಷ್ಟು ದಿನ ಓದಿದ್ದು ಅಕ್ಷರವನ್ನಲ್ಲ, ಪದದ ಚಿತ್ರವನ್ನು.

5. ಸದ್ದಿನ ಆಟ ಆಡಿ, ಮನೆತನದ ಕಥೆ ಕೇಳಿ

ಕಾಗದ ಪೆನ್ಸಿಲ್ ಬೇಡ. ಬಸ್ಸಿನಲ್ಲಿ ಹೋಗುವಾಗಲೂ ಆಡಬಹುದು. 'ಕಮಲ'ದಲ್ಲಿ 'ಮ' ತೆಗೆದರೆ ಏನು ಉಳಿಯುತ್ತದೆ? 'ಮಾವು' ಪದದ 'ಮಾ' ಜಾಗದಲ್ಲಿ 'ಹಾ' ಇಟ್ಟರೆ? 'ಬಸವ' ತಿರುಗಿಸಿ ಹೇಳು. ನಾವು ಚಿಕ್ಕವರಿದ್ದಾಗ ಪ್ರತಿ ಅಕ್ಷರಕ್ಕೂ 'ಪ' ಸೇರಿಸಿ ಗುಟ್ಟು ಮಾತಾಡುತ್ತಿದ್ದೆವಲ್ಲ, ಆ ಪ-ಭಾಷೆಯನ್ನು ಕಲಿಸಿ ನೋಡಿ. ಏಳೆಂಟು ವರ್ಷದ ಬಹುತೇಕ ಮಕ್ಕಳು ಎರಡು ದಿನಕ್ಕೆ ಹಿಡಿದುಬಿಡುತ್ತಾರೆ. ಅಂತ್ಯಾಕ್ಷರಿಯಲ್ಲಿ ಕೊನೆಯ ಅಕ್ಷರ ಯಾವುದೆಂದೇ ತೋಚದ ಮಗು, ವಾರದ ದಿನಗಳನ್ನು ಹೇಳುವಾಗ ಪ್ರತಿ ಸಲ ಗುರುವಾರ ಬಿಡುವ ಮಗು, ದಿನಬಳಕೆಯ ವಸ್ತುವಿನ ಹೆಸರಿಗಾಗಿ 'ಅದೇ ಅದು' ಎನ್ನುತ್ತಾ ತಡಕಾಡುವ ಮಗು: ಇವನ್ನೆಲ್ಲ ಗಮನಿಸಿ ಬರೆಯಿರಿ.

ಡಿಸ್ಲೆಕ್ಸಿಯಾ ವಂಶದಲ್ಲಿ ಹರಿಯುತ್ತದೆ. ಆದರೆ ನಮ್ಮ ಮನೆಗಳಲ್ಲಿ ಅದಕ್ಕೆ ಆ ಹೆಸರಿರುವುದಿಲ್ಲ. 'ಚಿಕ್ಕಪ್ಪ ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಗ್ಯಾರೇಜು ಸೇರಿದ, ಈಗ ಎಂಥ ಎಂಜಿನನ್ನೂ ಬಿಚ್ಚಿ ಜೋಡಿಸುತ್ತಾನೆ, ಪತ್ರಿಕೆ ಮಾತ್ರ ಮುಟ್ಟುವುದಿಲ್ಲ' ಎಂಬ ರೂಪದಲ್ಲಿರುತ್ತದೆ. ಮಾತು ತಡವಾಗಿ ಬಂದಿತ್ತೇ ಎಂಬುದನ್ನೂ ಅಜ್ಜಿಯ ಹತ್ತಿರ ಕೇಳಿ ಬರೆದುಕೊಳ್ಳಿ.

6. ಮೂರು ತಿಂಗಳು ಸರಿಯಾಗಿ ಕಲಿಸಿ ನೋಡಿ

ಕಲಿಸಿದಾಗ ಮಗು ಹೇಗೆ ಸ್ಪಂದಿಸುತ್ತದೆ ಎಂಬುದು ಒಳ್ಳೆಯ ಪುರಾವೆ. ಶಿಕ್ಷಕರನ್ನು ಕಂಡು ಮಾತಾಡಿ. "ನನ್ನ ಮಗುವಿಗೆ ಡಿಸ್ಲೆಕ್ಸಿಯಾ ಇದೆ" ಎಂದು ಆರಂಭಿಸಿದರೆ ಅವರು ಹಿಂದೆ ಸರಿಯುತ್ತಾರೆ. ನಿಮ್ಮ ತಪ್ಪುಗಳ ಪುಸ್ತಕ ತೋರಿಸಿ, "ಟೀಚರ್, ತರಗತಿಯ ಉಳಿದ ಮಕ್ಕಳಲ್ಲೂ ಇಂಥ ತಪ್ಪು ಇದೆಯೇ?" ಎಂದು ಕೇಳಿ. ಉಪಯುಕ್ತ ಉತ್ತರ ಸಿಗುತ್ತದೆ. ಸರ್ಕಾರಿ ಶಾಲೆಯಾದರೆ ಮುಖ್ಯಶಿಕ್ಷಕರ ಮೂಲಕ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರವನ್ನು ಸಂಪರ್ಕಿಸಿ. ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ಅಲ್ಲಿ ಬಿಐಇಆರ್‌ಟಿ ಎಂದು ಕರೆಯುವ ಸಂಪನ್ಮೂಲ ಶಿಕ್ಷಕರು ಇರುತ್ತಾರೆ.

ಮನೆಯಲ್ಲಿ ದಿನಕ್ಕೆ ಹದಿನೈದು ನಿಮಿಷ, ವಾರಕ್ಕೆ ಐದು ದಿನ. ಹೆಚ್ಚು ಬೇಡ. ಆರಂಭದ ದಿನ ಮೂವತ್ತು ಪದಗಳ ಉಕ್ತಲೇಖನ ಕೊಟ್ಟು ಹಾಳೆಯನ್ನು ತೆಗೆದಿಡಿ. ವಾರಕ್ಕೆ ಆರು ಪದ. ಪ್ರತಿ ಪದವನ್ನು ಮೊದಲು ಚಪ್ಪಾಳೆ ತಟ್ಟಿ ಒಡೆಯಿರಿ, ನಂತರ ಒಂದೊಂದು ಸದ್ದಿಗೆ ಒಂದೊಂದು ಹುಣಸೆ ಬೀಜ ಇಡಿಸಿ. 'ಹಣ್ಣು' ಎಂದರೆ ಹ, ಣ್, ಣು, ಮೂರು ಬೀಜ. ಎರಡೇ ಇಟ್ಟರೆ ಒತ್ತು ಎಲ್ಲಿ ಕಳೆಯುತ್ತಿದೆ ಎಂದು ನಿಮಗೂ ಮಗುವಿಗೂ ಒಟ್ಟಿಗೇ ಕಾಣುತ್ತದೆ. ಬೀಜ ಸರಿಯಾದ ಮೇಲೆ ಅಕ್ಷರ. ಅಕ್ಷರಾಭ್ಯಾಸದ ದಿನ ಅಕ್ಕಿಯ ತಟ್ಟೆಯಲ್ಲಿ ಬೆರಳು ಹಿಡಿದು ಬರೆಸಿದ್ದಿರಲ್ಲ, ಅದೇ ತಟ್ಟೆ ತೆಗೆಯಿರಿ. ಬಾಯಲ್ಲಿ ಹೇಳುತ್ತಾ, ಬೆರಳಲ್ಲಿ ಬರೆಯುತ್ತಾ, ಕಣ್ಣಲ್ಲಿ ನೋಡುವುದು ಡಿಸ್ಲೆಕ್ಸಿಯಾ ಇರುವ ಮಕ್ಕಳಿಗೆ ಕಲಿಸುವ ಪ್ರಮುಖ ವಿಧಾನಗಳಲ್ಲೊಂದು; ಇಲ್ಲದ ಮಕ್ಕಳಿಗೂ ನಷ್ಟವೇನಿಲ್ಲ. ಮಲಗುವ ಮುನ್ನ ನೀವು ಕಥೆ ಓದಿ ಹೇಳಿ. ತಾನು ಓದಲಾರದ ಮಗುವಿನ ಶಬ್ದಸಂಪತ್ತು ಬತ್ತದಂತೆ ನೋಡಿಕೊಳ್ಳಬೇಕಲ್ಲ.

ಎಚ್ಚರಿಕೆ: ತಪ್ಪಾದ ಪದವನ್ನು ಇಪ್ಪತ್ತು ಸಲ ಬರೆಸಬೇಡಿ. ಐದನೇ ಸಾಲಿಗೆ ಕೈ ತಾನಾಗಿ ಓಡುತ್ತದೆ, ತಲೆ ಬೇರೆಲ್ಲೋ ಇರುತ್ತದೆ, ಹನ್ನೆರಡನೇ ಸಾಲಿನಲ್ಲಿ ಹೊಸ ತಪ್ಪು ಹುಟ್ಟಿ ಉಳಿದ ಎಂಟು ಸಲ ಅದೇ ನಕಲಾಗುತ್ತದೆ.

ಮೂರು ತಿಂಗಳ ಕೊನೆಗೆ ಅದೇ ಮೂವತ್ತು ಪದ, ಜೊತೆಗೆ ಕಲಿಸದ ಹತ್ತು ಪದ. ಎರಡರಲ್ಲೂ ಚೇತರಿಕೆ ಕಂಡರೆ ಮಗುವಿಗೆ ಬೇಕಾಗಿದ್ದದ್ದು ಪಾಠ. ಕಲಿಸಿದವು ಅಷ್ಟಿಷ್ಟು ಸರಿ, ಹೊಸವು ಹಿಂದಿನಂತೆಯೇ ಎಂದಾದರೆ ಮುಂದಿನ ಹಂತಕ್ಕೆ ಹೋಗಿ. ಮಗು ಐದನೇ ತರಗತಿ ಮುಟ್ಟಿದ್ದರೆ, ಅಥವಾ ಸೋಮವಾರ ಬೆಳಗ್ಗೆ ಹೊಟ್ಟೆನೋವು, ಶಾಲೆ ಬೇಡವೆಂಬ ಅಳು, 'ನಾನು ದಡ್ಡ' ಎಂಬ ಮಾತು ಬಂದಿದ್ದರೆ ಮೂರು ತಿಂಗಳು ಕಾಯಬೇಡಿ, ಕಲಿಸುತ್ತಲೇ ತಪಾಸಣೆಗೂ ಹೋಗಿ.

7. ತಪಾಸಣೆಗೆ ಹೋಗುವುದು

ಕರ್ನಾಟಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಧಾರವಾಡದ ಡಿಮ್ಹಾನ್ಸ್ ಮೂರೂ ಸಾರ್ವಜನಿಕ ಸಂಸ್ಥೆಗಳು. ಊರಿಗೆ ಹತ್ತಿರ ಬೇಕೆಂದರೆ ಜಿಲ್ಲಾ ಆಸ್ಪತ್ರೆಯ ಶೀಘ್ರ ಮಧ್ಯಸ್ಥಿಕೆ ಕೇಂದ್ರದಲ್ಲಿ ವಿಚಾರಿಸಿ. ಶಾಲೆಗಳಿಗೆ ಬಂದು ಮಕ್ಕಳನ್ನು ಪರೀಕ್ಷಿಸುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಕಲಿಕಾ ತೊಂದರೆಯೂ ಇದೆ. ಆ ತಂಡ ಶಾಲೆಗೆ ಬಂದ ದಿನ ಶಿಕ್ಷಕರ ಮೂಲಕ ವಿಷಯ ತಿಳಿಸಿದರೆ ಅಲ್ಲಿಂದಲೇ ಶಿಫಾರಸು ಸಿಗಬಹುದು. ವೈದ್ಯಕೀಯ ಕಾಲೇಜು ಆಸ್ಪತ್ರೆಗಳ ಮನೋವೈದ್ಯ ಅಥವಾ ಮಕ್ಕಳ ವಿಭಾಗದಲ್ಲೂ ಕೇಳಬಹುದು. ದೊಡ್ಡ ಸಂಸ್ಥೆಗಳಲ್ಲಿ ಸರದಿ ಉದ್ದವಿರುತ್ತದೆ. ಒಂದೇ ದಿನದಲ್ಲಿ ಮುಗಿಯುವ ಕೆಲಸವೂ ಅಲ್ಲ. ರಜೆ ಹಾಕುವಾಗ ಲೆಕ್ಕವಿರಲಿ.

ಅಲ್ಲಿ ನಡೆಯುವುದೇನು? ಮಗುವಿನ ಬೆಳವಣಿಗೆಯ ಇತಿಹಾಸ ಕೇಳುತ್ತಾರೆ. ಕಣ್ಣು ಕಿವಿ ವರದಿ ನೋಡುತ್ತಾರೆ. ಬುದ್ಧಿಮಾಪನ ಪರೀಕ್ಷೆ ಮಾಡುತ್ತಾರೆ. ಒಟ್ಟು ಕಲಿಕೆಯೇ ನಿಧಾನವೋ, ಓದುಬರಹದಲ್ಲಿ ಮಾತ್ರ ತೊಡಕೋ ಎಂದು ಬೇರ್ಪಡಿಸಲು ಅದು ಬೇಕು. ಆಮೇಲೆ ಓದು, ಬರಹ, ಕಾಗುಣಿತ, ಗ್ರಹಿಕೆ, ಲೆಕ್ಕ, ಗಮನ, ನೆನಪುಗಳ ಪರೀಕ್ಷೆ. ಇದಕ್ಕೆ ನಿಮ್ಹಾನ್ಸ್ ರೂಪಿಸಿದ ಪರೀಕ್ಷಾಗುಚ್ಛ ದೇಶದಾದ್ಯಂತ ಬಳಕೆಯಲ್ಲಿದೆ.

ಎರಡು ಪ್ರಶ್ನೆಗಳನ್ನು ನೀವು ಕೇಳಲೇಬೇಕು. ಒಂದು, ಪರೀಕ್ಷೆ ಯಾವ ಭಾಷೆಯಲ್ಲಿ? ಕನ್ನಡ ಮಾಧ್ಯಮದ ಮಗುವನ್ನು ಇಂಗ್ಲಿಷಿನಲ್ಲಿ ಮಾತ್ರ ಪರೀಕ್ಷಿಸಿ ಬರೆದ ವರದಿ ಮಗುವಿನ ಬಗ್ಗೆ ಹೇಳುವುದಕ್ಕಿಂತ ಅದರ ಶಾಲೆಯ ಇಂಗ್ಲಿಷ್ ಬಗ್ಗೆ ಹೇಳುತ್ತದೆ. ಎರಡು, ಪರೀಕ್ಷಿಸುವವರ ಅರ್ಹತೆ. ಚಿಕಿತ್ಸಾ ಮನಶ್ಶಾಸ್ತ್ರಜ್ಞರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಇರುತ್ತದೆ. ವರದಿಯಲ್ಲಿ ಅದು ಕಾಣಬೇಕು.

ಎಚ್ಚರಿಕೆ: ಮೊಬೈಲ್‌ನಲ್ಲಿ ಹತ್ತು ಪ್ರಶ್ನೆ ಕೇಳಿ ಫಲಿತಾಂಶ ಹೇಳುವ ಪರೀಕ್ಷೆಗಳು ಸುಳಿವು ಕೊಟ್ಟಾವು, ನಿರ್ಣಯ ಕೊಡಲಾರವು. ಬಣ್ಣದ ಕನ್ನಡಕ, ಕಣ್ಣಿನ ವ್ಯಾಯಾಮ, ಮೆದುಳನ್ನು ಎಬ್ಬಿಸುವ ತರಬೇತಿ, ನೆನಪಿನ ಟಾನಿಕ್ ಇವು ಡಿಸ್ಲೆಕ್ಸಿಯಾ ಗುಣಪಡಿಸುತ್ತವೆ ಎನ್ನುವವರ ಮೆಟ್ಟಿಲು ಹತ್ತಬೇಡಿ. ಇದಕ್ಕೆ ಮಾತ್ರೆಯಿಲ್ಲ. ಸದ್ದಿನಿಂದ ಅಕ್ಷರಕ್ಕೆ, ಅಕ್ಷರದಿಂದ ಪದಕ್ಕೆ ಕ್ರಮವಾಗಿ, ನಿಧಾನವಾಗಿ, ಮತ್ತೆ ಮತ್ತೆ ಕಲಿಸುವುದೊಂದೇ ಕೆಲಸ ಮಾಡುತ್ತದೆ.

8. ವರದಿ, ಪ್ರಮಾಣಪತ್ರ, ಪರೀಕ್ಷೆಯ ರಿಯಾಯಿತಿ

ವರದಿ ಬೇರೆ, ಪ್ರಮಾಣಪತ್ರ ಬೇರೆ. ವರದಿ ಮಗುವಿನ ಬಲ, ದುರ್ಬಲತೆ ವಿವರಿಸುತ್ತದೆ. ಶಿಕ್ಷಕರಿಗೆ ಬೇಕಾದದ್ದು ಅದು. ಪ್ರಮಾಣಪತ್ರ ಕಾನೂನಿನ ಸವಲತ್ತಿಗೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿದ 21 ಬಗೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆ ಸೇರಿದೆ. 1995ರ ಹಳೆಯ ಕಾಯ್ದೆಯಲ್ಲಿ ಇರಲಿಲ್ಲ. ಇಂಥ ಮಕ್ಕಳನ್ನು ಬೇಗ ಗುರುತಿಸಿ ತಕ್ಕ ಬೋಧನೆ ಒದಗಿಸಬೇಕೆಂಬ ಹೊಣೆಯನ್ನೂ ಈ ಕಾಯ್ದೆ ಶಾಲೆಗಳ ಮೇಲೆ ಹಾಕಿದೆ. ಶಾಲೆಯವರು 'ನಮ್ಮಲ್ಲಿ ಇಂಥ ಮಕ್ಕಳಿಗೆ ವ್ಯವಸ್ಥೆ ಇಲ್ಲ' ಎಂದಾಗ ಈ ಮಾತನ್ನು ಶಾಂತವಾಗಿ, ಲಿಖಿತವಾಗಿ ನೆನಪಿಸಬಹುದು.

ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿ ಎಂಟು ವರ್ಷ ತುಂಬಿದ ಮಕ್ಕಳಿಗೆ ಮಾತ್ರ ಪ್ರಮಾಣಪತ್ರ ನೀಡಬೇಕೆಂದು, 14 ಮತ್ತು 18ನೇ ವಯಸ್ಸಿನಲ್ಲಿ ಮರುಪರಿಶೀಲನೆ ಆಗಬೇಕೆಂದು ಹೇಳಿತ್ತು. ಒಮ್ಮೆ ಪಡೆದರೆ ಜೀವಮಾನಕ್ಕೆ ಸಾಕು ಎಂದುಕೊಳ್ಳಬೇಡಿ. ನಿಮ್ಮ ಕೈಗೆ ಬಂದ ಪತ್ರದ ಅವಧಿಯನ್ನು ಅದರಲ್ಲೇ ನೋಡಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಅರ್ಜಿ ಸಲ್ಲಿಸುವುದು ಯುಡಿಐಡಿ, ಅಂದರೆ ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿಯ ಜಾಲತಾಣದಲ್ಲಿ. ಆಧಾರ್, ಭಾವಚಿತ್ರ, ವರದಿಗಳು ಸಿದ್ಧವಿರಲಿ.

ಪರೀಕ್ಷೆಯ ರಿಯಾಯಿತಿ ಮಂಡಳಿಯಿಂದ ಮಂಡಳಿಗೆ ಬೇರೆ. ಸಿಬಿಎಸ್‌ಇಯಲ್ಲಿ ಮೂರು ಗಂಟೆಯ ಪತ್ರಿಕೆಗೆ 60 ನಿಮಿಷ ಹೆಚ್ಚುವರಿ ಸಮಯ, ಬೇಕಿದ್ದರೆ ಉತ್ತರ ಬರೆದುಕೊಡುವ ಲಿಪಿಕಾರ ಸಿಗುತ್ತಾರೆ. ರಾಜ್ಯದ ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲೂ ಇಂಥ ಸವಲತ್ತುಗಳಿವೆ. ಯಾವ ಮಂಡಳಿಯಾದರೂ ಅರ್ಜಿ ಹೋಗುವುದು ಮುಖ್ಯಶಿಕ್ಷಕರ ಮೂಲಕ, ಪರೀಕ್ಷೆಗೆ ತಿಂಗಳುಗಟ್ಟಲೆ ಮೊದಲು. ಹತ್ತನೇ ತರಗತಿಯ ಜನವರಿಯಲ್ಲಿ ನೆನಪು ಮಾಡಿಕೊಂಡು ಓಡಾಡುವ ಪಾಲಕರನ್ನು ಪ್ರತಿ ವರ್ಷ ನೋಡುತ್ತೇನೆ. ಎಂಟನೇ ತರಗತಿಯಲ್ಲೇ ಕಡತ ಸಿದ್ಧ ಮಾಡಿ, ಒಂಬತ್ತರಲ್ಲಿ ಶಾಲೆಯ ಪರೀಕ್ಷೆಗಳಿಗೂ ಹೆಚ್ಚುವರಿ ಸಮಯ ಕೇಳಿ. ಸಮಯ ಕೊಟ್ಟ ಮಾತ್ರಕ್ಕೆ ಅದನ್ನು ಬಳಸಲು ಬರುವುದಿಲ್ಲ. ಲಿಪಿಕಾರರಿಗೆ ಉತ್ತರ ಹೇಳಿ ಬರೆಸುವುದಕ್ಕಂತೂ ಅಭ್ಯಾಸ ಬೇಕೇ ಬೇಕು.

ಕೆಲವರು ಪ್ರಮಾಣಪತ್ರ ಬೇಡವೆನ್ನುತ್ತಾರೆ. ನಾಳೆ ಮದುವೆಗೆ ತೊಡಕಾದೀತು ಎಂಬ ಮಾತು ಏಳು ವರ್ಷದ ಮಗುವಿನ ಎದುರೇ ಬರುತ್ತದೆ. ಪತ್ರ ಮಾಡಿಸುವುದು ಬಿಡುವುದು ನಿಮ್ಮ ಇಷ್ಟ. ವರದಿಯನ್ನು ಮಾತ್ರ ಶಾಲೆಯಿಂದ ಮುಚ್ಚಿಡಬೇಡಿ. ಮುಚ್ಚಿಟ್ಟರೆ ತರಗತಿಯಲ್ಲಿ ಉಳಿಯುವ ವಿವರಣೆ ಒಂದೇ: ಸೋಮಾರಿ.

ಮಗುವಿಗೂ ಹೇಳಬೇಕು, ನೇರವಾಗಿ, ಅದರ ಮಟ್ಟದ ಮಾತಿನಲ್ಲಿ. "ನಿನಗೆ ಮಾತಿನ ಸದ್ದುಗಳನ್ನು ಅಕ್ಷರಕ್ಕೆ ಇಳಿಸುವುದು ಉಳಿದವರಿಗಿಂತ ಕಷ್ಟ. ದಡ್ಡತನ ಅಲ್ಲ, ಸೋಮಾರಿತನವೂ ಅಲ್ಲ. ಬೇರೆ ರೀತಿ ಕಲಿಸುತ್ತೇವೆ, ಹೆಚ್ಚು ಹೊತ್ತು ಹಿಡಿಯುತ್ತದೆ" ಎಂದರೆ ಸಾಕು. ಹೆಸರಾಂತ ವಿಜ್ಞಾನಿಗಳಿಗೂ ಇದೇ ಇತ್ತು ಎಂಬ ಪಟ್ಟಿ ಬೇಡ. ಅದರಲ್ಲಿ ಅರ್ಧ ಊಹಾಪೋಹ, ಉಳಿದರ್ಧ ಮಗುವಿನ ಹೆಗಲ ಮೇಲೆ ಹೊಸ ಹೊರೆ.

ವರದಿಯಲ್ಲಿ 'ಡಿಸ್ಲೆಕ್ಸಿಯಾ ಇಲ್ಲ' ಎಂದು ಬಂದರೆ ನಿರಾಳವಾಗಿ ಕಡತ ಕಟ್ಟಿಡುವವರಿದ್ದಾರೆ. ಹಾಗಾದರೆ ಮಗು ಯಾಕೆ ಎಡವುತ್ತಿದೆ ಎಂದು ಅದೇ ಕೋಣೆಯಲ್ಲಿ ಕೂತು ಕೇಳಿ. ಉತ್ತರ ವರದಿಯ ಎರಡನೇ ಅಥವಾ ಮೂರನೇ ಪುಟದಲ್ಲಿ, ಗಮನ ಅಥವಾ ಭಾಷೆಯ ಅಂಕಗಳ ಪಕ್ಕದಲ್ಲಿ ಇರಬಹುದು. ಎಂಟು ವರ್ಷ ತುಂಬುವ ಮೊದಲೇ ಹೋಗಿದ್ದರೆ 'ಈಗಲೇ ಹೇಳಲಾಗದು' ಎಂಬ ಉತ್ತರ ಬರುವ ಸಾಧ್ಯತೆಯೇ ಹೆಚ್ಚು. ಆಗ ಮರಳಿ ಬರಬೇಕಾದ ತಿಂಗಳನ್ನು ಬರೆಸಿಕೊಂಡು ಬನ್ನಿ. ಅಲ್ಲಿಯವರೆಗೆ ಹುಣಸೆ ಬೀಜದ ಡಬ್ಬಿಯನ್ನು ಮೇಲಿನ ಕಪಾಟಿಗೆ ಸೇರಿಸಬೇಡಿ.